ತಂದೆಯ ತಿಜೋರಿಯೂ ಮಕ್ಕಳ ಯೋಗ್ಯತೆಯೂ
(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಅನುಕೂಲವಿಲ್ಲದ ಮನೆಯ ಮಕ್ಕಳ ಓದು ನಡುದಾರಿಯಲ್ಲಿ ನಿಲ್ಲಬಾರದೆಂಬ ಕಳಕಳಿಯಿಂದ ಸ್ಥಾಪಿತವಾದ ಈ ದತ್ತಿಯ ಆಶ್ರಯದಲ್ಲಿ ಮಾತನಾಡುವ ಗೌರವವನ್ನು ನನಗೆ ದಯಪಾಲಿಸಿದ ಸಂಚಾಲಕರು, ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನೂ ನನಗೇ ಬಿಟ್ಟುಕೊಟ್ಟರು. ನಮ್ಮ ನಾಡಿನ ಬಡತನವನ್ನು ಕುರಿತು ನನಗಿಂತ ಬಲ್ಲವರು ಈ ವೇದಿಕೆಯಿಂದ ಈಗಾಗಲೇ ವಿಸ್ತಾರವಾಗಿ ಹೇಳಿದ್ದಾರೆ. ಆದುದರಿಂದ, ಪ್ರಪಂಚದ ಅತ್ಯಂತ ಸಂಪದ್ಭರಿತ ರಾಷ್ಟ್ರಗಳ ಸಾಲಿನಲ್ಲಿ ನಿಂತಿರುವ, ನಮ್ಮ ವಿಶ್ವವಿದ್ಯಾನಿಲಯಗಳ ಏರ್ಪಾಡಿಗೆ ಬಹುಮಟ್ಟಿಗೆ ಮಾದರಿಯನ್ನೂ ಒದಗಿಸಿದ ಬ್ರಿಟನ್ ದೇಶದಲ್ಲಿ, ಇಪ್ಪತ್ತರ ಆಸುಪಾಸಿನ ತರುಣ ತರುಣಿಯರು ಹಣವನ್ನೂ ವರ್ಗಭೇದವನ್ನೂ ಕುರಿತು ಇಂದು ತಮ್ಮ ತಮ್ಮೊಳಗೆ ಏನನ್ನು ಮಾತನಾಡಿಕೊಳ್ಳುತ್ತಿದ್ದಾರೆ, ಹಾಗೆ ಮಾತನಾಡಬೇಕಾದ ಒತ್ತಡ ಅವರಿಗೇಕೆ ಒದಗಿತು ಎಂಬುದನ್ನು ತಮ್ಮ ಮುಂದೆ ಇಡಬೇಕೆಂದು ನಿಶ್ಚಯಿಸಿದೆನು.

ನನ್ನ ಅಭಿಪ್ರಾಯವನ್ನು ಮೊದಲಿಗೇ ನಿವೇದಿಸಿಬಿಡುವುದು ಲೇಸು. ಆ ದೇಶದಲ್ಲಿ ವಿದ್ಯಾರ್ಥಿಯ ಅನ್ನ ವಸತಿಗಳ ಹೊಣೆಯನ್ನು ಒಂದು ಕಾಲದಲ್ಲಿ ಸರ್ಕಾರವೇ ಹೊತ್ತಿತ್ತು. ಆ ಹೊಣೆ ಕ್ರಮಕ್ರಮವಾಗಿ ಸಾರ್ವಜನಿಕ ಬೊಕ್ಕಸದಿಂದ ಜಾರಿ ತಂದೆತಾಯಿಗಳ ತಿಜೋರಿಯ ಮೇಲೆ ಬಿದ್ದಿತು. ಹಾಗೆ ಬಿದ್ದುದನ್ನು ಮನೆಮನೆಯಲ್ಲಿಯೂ ಗುಟ್ಟಾಗಿ ಇಟ್ಟುಕೊಂಡದ್ದರಿಂದ, ತಿಜೋರಿಯ ಬಲದಿಂದ ಮುಂದೆ ಬಂದವನು ತನ್ನ ಮುನ್ನಡೆಯನ್ನು ಯೋಗ್ಯತೆಯೆಂದೂ, ಅದಿಲ್ಲದೆ ಹಿಂದುಳಿದವನು ತನ್ನ ಹಿನ್ನಡೆಯನ್ನು ಸ್ವಂತ ಅಪರಾಧವೆಂದೂ ತಿಳಿಯುವಂತಾಯಿತು. ಈಗ ಅಲ್ಲಿನ ಎಳೆಯರು ಸಂಕೋಚವನ್ನು ಬಿಟ್ಟು ಹಣದ ಮಾತನ್ನು ಬಾಯಿಬಿಟ್ಟು ಆಡತೊಡಗಿರುವುದನ್ನು ಕೆಲವರು ಹೊಟ್ಟೆಕಿಚ್ಚೆಂದು ಕರೆಯುತ್ತಾರೆ. ನಾನಾದರೋ ಅದನ್ನು ಒಂದು ಪೌರಧರ್ಮವೆಂದೇ ಭಾವಿಸುತ್ತೇನೆ.

ಸಿರಿವಂತ ದೇಶದಲ್ಲಿ ಬಡತನವೆಂದರೆ ಏನರ್ಥ, ಅಲ್ಲಿ ಹಸಿವಿನಿಂದ ಸಾಯುವವರು ಉಂಟೇ ಎಂದು ಕೇಳುವವರು ನಮ್ಮಲ್ಲಿ ಮಾತ್ರವೇ ಅಲ್ಲ, ಆ ದೇಶದಲ್ಲಿಯೂ ಇದ್ದಾರೆ. ಈ ಪ್ರಶ್ನೆಗೆ ಅರ್ಥಶಾಸ್ತ್ರದ ಮೂಲಪುರುಷನಾದ ಆಡಂ ಸ್ಮಿತ್ತನೇ 1776ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಉತ್ತರ ಕೊಟ್ಟಿದ್ದಾನೆ. ಪ್ರಾಚೀನ ಗ್ರೀಕರೂ ರೋಮನರೂ ನಾರುಬಟ್ಟೆಯ ಅಂಗಿಯಿಲ್ಲದೆಯೇ ಸುಖವಾಗಿ ಬಾಳಿದ್ದಿರಬಹುದು. ಆದರೆ ತನ್ನ ಕಾಲದ ಯುರೋಪಿನಲ್ಲಿ ಮಾನವಂತನಾದ ಒಬ್ಬ ದಿನಗೂಲಿಯವನು ಅಂಥ ಅಂಗಿಯಿಲ್ಲದೆ ನಾಲ್ಕು ಜನರ ಎದುರಿಗೆ ಬರಲು ನಾಚುವನಾದುದರಿಂದ, ಅವನ ಪಾಲಿಗೆ ಆ ಅಂಗಿಯು ಭೋಗವಸ್ತುವಲ್ಲ, ಜೀವನಾವಶ್ಯಕ ವಸ್ತು ಎಂಬುದು ಅವನ ವಾದ. ಮುಂದೆ 1899ರಲ್ಲಿ, ಚಾಕೊಲೇಟ್ ತಯಾರಕರ ಮನೆತನದಲ್ಲಿ ಹುಟ್ಟಿದ ಸೀಬಂ ರೌಂಟ್ರಿ ಎಂಬಾತನು ತನ್ನ ಊರಾದ ಯಾರ್ಕ್ ನಗರದ ಕೂಲಿಕಾರರ ಮನೆಮನೆಗೂ ಗಣಕರನ್ನು ಕಳುಹಿಸಿ, ದೇಹವನ್ನು ದುಡಿಮೆಗೆ ತಕ್ಕಂತೆ ಉಳಿಸಿಕೊಳ್ಳಲು ಎಷ್ಟು ಹಣ ಬೇಕೆಂಬುದನ್ನು ಬಹು ಜಿಪುಣತನದಿಂದ ಲೆಕ್ಕಹಾಕಿದನು. ಆ ಲೆಕ್ಕದಲ್ಲಿ ರೈಲಿನ ಟಿಕೆಟ್ಟಿಗೆ ಒಂದು ಕಾಸಿಲ್ಲ, ವೃತ್ತಪತ್ರಿಕೆಗೆ ಇಲ್ಲ, ಊರು ಬಿಟ್ಟುಹೋದ ಮಗನಿಗೆ ಬರೆಯುವ ಕಾಗದದ ಅಂಚೆಯ ಖರ್ಚಿಗೂ ಇಲ್ಲ. ಇಷ್ಟು ಬಿಗಿಯಾದ ಗೆರೆಯನ್ನು ಎಳೆದರೂ ಊರಿನ ಜನರಲ್ಲಿ ನೂರಕ್ಕೆ ಸುಮಾರು 10 ಮಂದಿ ಅದರ ಕೆಳಗೆ ಕಂಡುಬಂದರು. ಆ ಗೆರೆಯ ಅಮಾನುಷತೆಯನ್ನು ಪೂರ್ತಿಯಾಗಿ ತೋರಿಸಿಕೊಟ್ಟವನು ಪೀಟರ್ ಟೌನ್‍ಸೆಂಡ್. ತನ್ನ ಸುತ್ತಲಿನವರು ಸಹಜವೆಂದು ನಡೆಸುವ ಬಾಳಿನಲ್ಲಿ ಪಾಲುಗೊಳ್ಳಲು ಸಾಧನವಿಲ್ಲದವನೇ ಬಡವನೆಂದು ಆತನು 1979ರ ತನ್ನ ಬೃಹದ್ಗ್ರಂಥದಲ್ಲಿ ಪ್ರತಿಪಾದಿಸಿದನು. ಗೆಳೆಯನ ಹುಟ್ಟುಹಬ್ಬಕ್ಕೆ ಕರೆ ಬಂದಾಗ ಉಡುಗೊರೆಗೆ ಹಣವಿಲ್ಲದೆ ತಲೆನೋವಿನ ನೆಪ ಹೇಳಿ ಮನೆಯಲ್ಲಿ ಉಳಿಯುವ ಹುಡುಗಿಯ ಕಷ್ಟವನ್ನು ಕ್ಯಾಲೊರಿಗಳಲ್ಲಿ ಅಳೆಯಲಾಗದು. ಅಷ್ಟೇ ಅಲ್ಲ, ಹೊಟ್ಟೆಯ ಹಸಿವೂ ಅಲ್ಲಿ ಇಲ್ಲದೆ ಇಲ್ಲ: ಟ್ರಸೆಲ್ ಎಂಬ ಒಂದೇ ಸೇವಾಸಂಸ್ಥೆಯ ಆಹಾರ ಭಂಡಾರಗಳು 2023-24ರ ವರ್ಷದಲ್ಲಿ 31 ಲಕ್ಷಕ್ಕೂ ಹೆಚ್ಚು ತುರ್ತು ಆಹಾರದ ಗಂಟುಗಳನ್ನು ಹಂಚಿದವು.

ಇನ್ನು ವಿದ್ಯಾರ್ಥಿಗಳ ಸಂಗತಿಗೆ ಬರೋಣ. ಎರಡನೆಯ ಮಹಾಯುದ್ಧದ ಬೇಗೆ ಆರುವುದಕ್ಕೆ ಮೊದಲೇ, 1944ರಲ್ಲಿ, ಬಟ್ಲರ್ ಎಂಬ ಮಂತ್ರಿಯ ಹೆಸರಿನಿಂದ ಪ್ರಸಿದ್ಧವಾದ ಶಿಕ್ಷಣ ಶಾಸನವು ಇಂಗ್ಲೆಂಡು ಮತ್ತು ವೇಲ್ಸಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಶುಲ್ಕವನ್ನು ತೆಗೆದುಹಾಕಿತು. ತರುವಾಯ 1962ರ ಶಾಸನವು, ವಿಶ್ವವಿದ್ಯಾನಿಲಯದ ಪದವಿ ತರಗತಿಗೆ ಪ್ರವೇಶ ಪಡೆದ ಪ್ರತಿಯೊಬ್ಬ ವಿದ್ಯಾರ್ಥಿಯ ಶುಲ್ಕವನ್ನು ಕಟ್ಟಿ, ಮನೆಯ ವರಮಾನಕ್ಕೆ ಅನುಸಾರವಾಗಿ ಊಟ ವಸತಿ ಪುಸ್ತಕಗಳಿಗೆ ವೇತನವನ್ನೂ ಕೊಡತಕ್ಕದ್ದೆಂದು ಸ್ಥಳೀಯ ಆಡಳಿತ ಸಂಸ್ಥೆಗಳಿಗೆ ವಿಧಿಸಿತು. ಆ ಹಣ ಸಾಲವಲ್ಲ, ಹಿಂದಿರುಗಿಸಬೇಕಾಗಿರಲಿಲ್ಲ. ಮರುವರ್ಷ ರಾಬಿನ್ಸ್ ಸಮಿತಿಯು, ಸಾಮರ್ಥ್ಯವೂ ಅರ್ಹತೆಯೂ ಉಳ್ಳ ಎಲ್ಲರಿಗೂ ಉಚ್ಚಶಿಕ್ಷಣದ ಬಾಗಿಲು ತೆರೆದಿರಬೇಕೆಂಬ ತತ್ತ್ವವನ್ನು ಘೋಷಿಸಿತು. ಆ ಕಾಲವನ್ನು ಸ್ವರ್ಣಯುಗವೆಂದು ಹೊಗಳುವವರು ಮರೆಯಬಾರದ ಸಂಗತಿಯೊಂದುಂಟು: ಹಾಗೆ ವಿಶ್ವವಿದ್ಯಾನಿಲಯವನ್ನು ಸೇರುತ್ತಿದ್ದವರು ಆ ವಯಸ್ಸಿನವರಲ್ಲಿ ನೂರಕ್ಕೆ ನಾಲ್ಕೈದು ಮಂದಿ ಮಾತ್ರ, ಉಳಿದ ಬಹುಮಂದಿಯನ್ನು ಹನ್ನೊಂದನೆಯ ವಯಸ್ಸಿನಲ್ಲಿ ನಡೆಯುತ್ತಿದ್ದ ಒಂದು ಪರೀಕ್ಷೆಯೇ ಬೇರೆ ದಾರಿಗೆ ತಿರುಗಿಸಿಬಿಡುತ್ತಿದ್ದಿತು.

ಆ ಕೆಲವರ ಕಷ್ಟವನ್ನೂ ಕಂಡು ಬರೆದವರುಂಟು. ಲೀಡ್ಸ್ ನಗರದ ಹನ್ಸ್‍ಲೆಟ್ ಎಂಬ ಕಾರ್ಮಿಕರ ಕೇರಿಯಲ್ಲಿ, ತಂದೆತಾಯಿಗಳಿಲ್ಲದೆ ಅಜ್ಜಿಯ ಆಶ್ರಯದಲ್ಲಿ ಬೆಳೆದ ರಿಚರ್ಡ್ ಹಾಗರ್ಟ್ ಮಹಾಶಯನು 1957ರ ತನ್ನ ಗ್ರಂಥದಲ್ಲಿ, ವಿದ್ಯಾರ್ಥಿವೇತನದ ಬಲದಿಂದ ಮೇಲೇರಿದ ಬಡ ಹುಡುಗನ ಚಿತ್ರವನ್ನು ಬಹು ಮಾರ್ಮಿಕವಾಗಿ ಬರೆದಿದ್ದಾನೆ. ಮನೆಯಲ್ಲಿ ಬೆಂಕಿ ಉರಿಯುವುದು ಒಂದೇ ಕೋಣೆಯಲ್ಲಿ. ಅಲ್ಲಿಯೇ ಇಸ್ತ್ರಿ, ಅಲ್ಲಿಯೇ ರೇಡಿಯೋ, ಅಲ್ಲಿಯೇ ಬಂದವರ ಮಾತುಕಥೆ. ಆ ಗದ್ದಲದ ನಡುವೆ ಮೇಜಿನ ಒಂದು ಮೂಲೆಯಲ್ಲಿ ಹುಡುಗನು ಕಿವಿ ಮುಚ್ಚಿಕೊಂಡಂತೆ ಕುಳಿತು ಪಾಠ ಬರೆಯಬೇಕು. ಅವನು ಗೆದ್ದು ಮೇಲೇರಿದ ಮೇಲೂ ಆ ಮನೆಯವರಿಗೆ ಸಂಪೂರ್ಣವಾಗಿ ಸೇರಿದವನಾಗಿ ಉಳಿಯುವುದಿಲ್ಲ, ಹೊಸಬರಿಗೂ ಸೇರಿದವನಾಗುವುದಿಲ್ಲ. ಮರುವರ್ಷ ಮೈಕೇಲ್ ಯಂಗ್ ಎಂಬ ಸಮಾಜಶಾಸ್ತ್ರಜ್ಞನು ಯೋಗ್ಯತೆಯೇ ಅಧಿಕಾರವಾದ ಒಂದು ಭಾವೀ ರಾಜ್ಯವನ್ನು ಕಲ್ಪಿಸಿ ವಿಡಂಬನೆ ಬರೆದನು. ಅಲ್ಲಿ ಗೆದ್ದವರಿಗೆ ಕರುಣೆಯಿಲ್ಲ, ಸೋತವರಿಗೆ ಆತ್ಮಗೌರವವಿಲ್ಲ. ಆತನು ಎಚ್ಚರಿಕೆಯಾಗಿ ಬರೆದುದನ್ನು ಮುಂದಿನ ಮಂತ್ರಿಗಳು ಆದರ್ಶವೆಂದು ಎತ್ತಿಹಿಡಿದರು. ಅದನ್ನು ಕಂಡು ನೊಂದ ಆತನು 2001ರಲ್ಲಿ, ತನ್ನ ಇಳಿವಯಸ್ಸಿನಲ್ಲಿ, ಪತ್ರಿಕೆಯಲ್ಲಿ ತನ್ನ ವಿರೋಧವನ್ನು ಪ್ರಕಟಿಸಬೇಕಾಯಿತು.

ಅಷ್ಟರಲ್ಲಿ ವೇತನದ ಕಾಲವೂ ಮುಗಿದಿದ್ದಿತು. 1990ರಲ್ಲಿ ವೇತನವನ್ನು ಇದ್ದಲ್ಲಿಯೇ ತಡೆದು ಅದರ ಪಕ್ಕದಲ್ಲಿ ಸಾಲದ ಏರ್ಪಾಡನ್ನು ತಂದರು. 1998ರಲ್ಲಿ ವರ್ಷಕ್ಕೆ 1,000 ಪೌಂಡಿನವರೆಗೆ ಶುಲ್ಕವನ್ನು ವಿಧಿಸಿದರು. ಅದರ ಮಿತಿ ಇಂಗ್ಲೆಂಡಿನಲ್ಲಿ 2006ರಲ್ಲಿ 3,000 ಪೌಂಡಾಗಿ, 2012ರಲ್ಲಿ 9,000 ಪೌಂಡಾಯಿತು. ನಡುವೆ ಸ್ವಲ್ಪ ಕಾಲ ಮರಳಿ ಬಂದಿದ್ದ ವೇತನವನ್ನು ಇಂಗ್ಲೆಂಡಿನಲ್ಲಿ 2016ರಲ್ಲಿ ಮತ್ತೆ ರದ್ದುಪಡಿಸಿ, ಅದಕ್ಕೆ ಬದಲಾಗಿ ಇನ್ನಷ್ಟು ಸಾಲವನ್ನು ಕೊಟ್ಟರು. ಇದರ ಫಲವೇನೆಂದರೆ, ಮನೆಯಿಂದ ಏನೂ ಬಾರದ ವಿದ್ಯಾರ್ಥಿ ಹೆಚ್ಚು ಸಾಲ ಮಾಡಿ ಹೆಚ್ಚು ಋಣದೊಡನೆ ಹೊರಬೀಳುತ್ತಾನೆ. ಮನೆಯಲ್ಲಿ ಹಣವಿರುವವನು ಕಡಮೆ ಋಣದೊಡನೆ, ಒಮ್ಮೊಮ್ಮೆ ಋಣವೇ ಇಲ್ಲದೆ, ಹೊರಬರುತ್ತಾನೆ. 2023ರಿಂದ ಈಚೆಗೆ ಸೇರಿದವರು ವರ್ಷಕ್ಕೆ 25,000 ಪೌಂಡಿಗೆ ಮೀರಿದ ಸಂಪಾದನೆಯಲ್ಲಿ ನೂರಕ್ಕೆ ಒಂಬತ್ತರಂತೆ, ತೀರುವವರೆಗೆ, ತೀರದಿದ್ದರೆ ನಲವತ್ತು ವರ್ಷಗಳವರೆಗೆ, ಕಟ್ಟುತ್ತಿರಬೇಕು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹೆಗಲಿಗೆ ಬಂದ ಭಾರವು ಅರವತ್ತು ದಾಟಿದ ಮೇಲೆ ಇಳಿಯುವುದಾದರೆ, ಅದನ್ನು ವಿದ್ಯಾಭ್ಯಾಸದ ಸಾಲವೆನ್ನುವುದಕ್ಕಿಂತ ಆಯುಷ್ಯದ ಕಂದಾಯವೆನ್ನುವುದೇ ಸರಿ.

ಇದರಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಅನ್ಯಾಯವಿದೆ. ಜೀವನದ ಖರ್ಚಿಗಾಗಿ ಕೊಡುವ ಸಾಲದ ಮೊತ್ತವನ್ನು ಮನೆಯ ವರಮಾನ ನೋಡಿ ನಿರ್ಧರಿಸುತ್ತಾರೆ. ಮನೆಯ ವರಮಾನ ವರ್ಷಕ್ಕೆ 25,000 ಪೌಂಡಿಗೆ ಮೀರಿತೆಂದರೆ ಸಾಲ ಇಳಿಯತೊಡಗುತ್ತದೆ. ಬೆಲೆಗಳೂ ಸಂಬಳಗಳೂ ಏರಿದರೂ ಈ ಮಿತಿಯನ್ನು ಬಹಳ ವರ್ಷಗಳಿಂದ ಏರಿಸಿಲ್ಲ. ಇಳಿದಷ್ಟನ್ನು ತಂದೆತಾಯಿಗಳು ತುಂಬಿಕೊಡುವರೆಂಬುದು ಸರ್ಕಾರದ ಊಹೆ. ತುಂಬಿಕೊಡಲಾರದ ತಾಯಿ, ತುಂಬಿಕೊಡಲು ಒಪ್ಪದ ತಂದೆ, ಎರಡನೆಯ ಮದುವೆಯಾಗಿ ಮೊದಲ ಮಕ್ಕಳನ್ನು ಮರೆತ ಮನೆ, ಇವು ಯಾವುದೂ ಆ ಊಹೆಯಲ್ಲಿ ಇಲ್ಲ.

ಈ ಅಂಕಿಗಳು ಬಾಳಿನಲ್ಲಿ ಹೇಗೆ ಕಾಣಿಸಿಕೊಳ್ಳುತ್ತವೆ ಎಂಬುದನ್ನು ಒಂದು ಸಲ ಹತ್ತಿರದಿಂದ ನೋಡುವ ಸಂದರ್ಭ ನನಗೆ ಒದಗಿತು. ನಮ್ಮ ಬಂಧುಗಳ ಮಗಳೊಬ್ಬಳು, ಧಾರವಾಡದವಳು, ಲೀಡ್ಸ್ ನಗರದಲ್ಲಿ ಓದುತ್ತಿದ್ದಳು. ಹೆಡಿಂಗ್ಲಿ ಎಂಬ ಬಡಾವಣೆಯ ಕೆಂಪಿಟ್ಟಿಗೆಯ ಸಾಲುಮನೆಯೊಂದನ್ನು ಐವರು ವಿದ್ಯಾರ್ಥಿಗಳು ಕೂಡಿ ಬಾಡಿಗೆಗೆ ಹಿಡಿದಿದ್ದರು. ಚಳಿಗಾಲದ ಒಂದು ಸಂಜೆ ನಾನು ಅವರ ಅಡುಗೆಮನೆಯಲ್ಲಿ ಅತಿಥಿಯಾಗಿ ಕುಳಿತಿದ್ದೆನು. ಆ ಮನೆಯ ವಿದ್ಯುತ್ ಮೀಟರು ಮುಂಗಡ ಹಣ ತೆತ್ತ ಮೇಲೆಯೇ ವಿದ್ಯುತ್ತನ್ನು ಬಿಡತಕ್ಕ ಜಾತಿಯದು. ಪ್ಲಾಸ್ಟಿಕ್ಕಿನ ಪುಟ್ಟ ಕೀಲಿಯೊಂದನ್ನು ಬೀದಿಯ ಕೊನೆಯ ಅಂಗಡಿಗೆ ಒಯ್ದು, ಐದೋ ಹತ್ತೋ ಪೌಂಡು ಕೊಟ್ಟು ತುಂಬಿಸಿಕೊಂಡು ಬಂದು ಮೀಟರಿಗೆ ಸಿಕ್ಕಿಸಬೇಕು. ಹಣ ತೀರಿದೊಡನೆ ಮನೆ ಕತ್ತಲೆ. ಆ ಕೀಲಿಯನ್ನು ಸಂಡರ್ಲೆಂಡಿನಿಂದ ಬಂದ ಹುಡುಗಿಯೊಬ್ಬಳು ತನ್ನ ಕೋಟಿನ ಕಿಸೆಯಲ್ಲಿಯೇ ಇಟ್ಟುಕೊಳ್ಳುತ್ತಿದ್ದಳು. ಕೆಂಟ್ ಪ್ರಾಂತದ ಹುಡುಗನೊಬ್ಬನು ಹೊರಗಿನಿಂದ ಬಂದವನೇ ವಿದ್ಯುತ್ತಿನ ಒಲೆಯನ್ನು ಹಾಕಿದನು. ಅವಳು ಎದ್ದು ಆರಿಸಿದಳು. ಅತಿಥಿ ಇದ್ದಾರಲ್ಲ ಎಂದು ಅವನು ಮೆಲ್ಲನೆ ಹೇಳಿದನು. ಹಾಗಾದರೆ ಈ ವಾರದ ಹಣವನ್ನು ನೀನೇ ತುಂಬು ಎಂದು ಅವಳು ಹೇಳಿದಳು. ತುಂಬುತ್ತೇನೆ, ಅದರಲ್ಲೇನಿದೆ ಎಂದು ಅವನು ಸಹಜವಾಗಿ ಅಂದ ಮಾತೇ ಅವಳನ್ನು ಚುಚ್ಚಿರಬೇಕು. ನಿನ್ನ ಬಾಡಿಗೆಯನ್ನು ಯಾರು ಕಟ್ಟುತ್ತಾರೆ ಎಂದು ಅವಳು ನೇರವಾಗಿ ಕೇಳಿಬಿಟ್ಟಳು.

ಹುಡುಗನು ಕೆಟ್ಟವನಲ್ಲ. ಮುಖ ಕೆಂಪಗಾಗಿ, ಅಪ್ಪ ಕಟ್ಟುತ್ತಾರೆಂದು ಒಪ್ಪಿಕೊಂಡನು. ಮೊದಲ ವರ್ಷದಿಂದಲೂ ಅವರೇ ಕಟ್ಟುತ್ತಿದ್ದಾರೆ, ಬೇಸಗೆಯಲ್ಲಿ ಲಂಡನ್ನಿನ ಪತ್ರಿಕಾಲಯವೊಂದರಲ್ಲಿ ಸಂಬಳವಿಲ್ಲದೆ ಕೆಲಸ ಕಲಿತಾಗ ಅಲ್ಲಿನ ಕೋಣೆಯ ಬಾಡಿಗೆಯನ್ನೂ ಅವರೇ ಕಟ್ಟಿದರು ಎಂದನು. ಆಗ ಆ ಹುಡುಗಿ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ಇಬ್ಬರದೂ ಒಂದೇ ತರಗತಿ, ಒಂದೇ ಮನೆ. ಆದರೂ ಅವನ ಕೈಯಲ್ಲಿ ಯಾವಾಗಲೂ ಹಣ ಉಳಿಯುತ್ತದೆ, ತನಗೆ ವಾರಕ್ಕೆ ಮೂರು ಸಂಜೆ ಪಬ್ಬಿನಲ್ಲಿ ದುಡಿದರೂ ಉಳಿಯುವುದಿಲ್ಲ. ತನಗೆ ಹಣವನ್ನು ನಿರ್ವಹಿಸುವ ಬುದ್ಧಿಯೇ ಇಲ್ಲವೆಂದು ತಿಳಿದು, ಖರ್ಚನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಎರಡು ವರ್ಷಗಳಿಂದ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದೆನೆಂದು ಅವಳು ಹೇಳಿದಳು. ಹುಡುಗನು ಬಹಳ ಹೊತ್ತು ಸುಮ್ಮನಿದ್ದು, ಅಪ್ಪನ ಹಣದ ವಿಷಯ ಹೇಳಿದರೆ ತನ್ನ ಅಂಕಗಳಿಗೂ ಪತ್ರಿಕೆಯ ಕೆಲಸಕ್ಕೂ ಬೆಲೆ ಹೋಗುವುದೆಂದು ಹೆದರಿ ಮುಚ್ಚಿಟ್ಟೆನೆಂದನು. ಆ ರಾತ್ರಿ ಐವರೂ ತಮ್ಮ ತಮ್ಮ ಲೆಕ್ಕವನ್ನು ಮೇಜಿನ ಮೇಲೆ ತೆರೆದಿಟ್ಟು ಮಾತನಾಡಿದರು. ನನ್ನನ್ನು ಬಸ್ಸಿಗೆ ಬಿಡಲು ಬಂದ ನಮ್ಮ ಹುಡುಗಿ, “ಕಾಕಾ, ಕೂಡಿ ಉಣ್ತಾರ, ಕೂಡಿ ಓದ್ತಾರ, ಆದ್ರ ರೊಕ್ಕದ ಮಾತು ಆಡಿದ್ದು ಇದ ಮೊದಲನೇ ಸಲ ನೋಡ್ರಿ” ಎಂದಳು.

ಅವಳ ಪಾಡೂ ಅಲ್ಲಿನ ಬಡ ಮಕ್ಕಳ ಪಾಡಿಗೆ ದೂರದ್ದಾಗಿರಲಿಲ್ಲ. ಇಂಗ್ಲೆಂಡಿನ ಮನೆಯೊಡೆಯರು ವಿದ್ಯಾರ್ಥಿಗಳಿಗೆ ಮನೆ ಕೊಡುವ ಮೊದಲು, ಆ ದೇಶದಲ್ಲಿಯೇ ವಾಸಿಸುವ, ಸ್ಥಿರವಾದ ವರಮಾನವೋ ಸ್ವಂತ ಮನೆಯೋ ಇರುವ ಒಬ್ಬರ ಜಾಮೀನನ್ನು ಕೇಳುವುದು ವಾಡಿಕೆ. ಅಂಥವರಿಲ್ಲವಾದರೆ ಆರು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಮುಂಗಡವಾಗಿ ತೆರಬೇಕಾಗುತ್ತಿತ್ತು. 2025ರ ಬಾಡಿಗೆದಾರರ ಹಕ್ಕುಗಳ ಶಾಸನವು ಅಂಥ ಮುಂಗಡಕ್ಕೆ ಈಚೆಗೆ ಮಿತಿ ಹಾಕಿದೆ. ಜಾಮೀನು ಕೊಡಬಲ್ಲ ತಂದೆಯಿಲ್ಲದ ಸಂಡರ್ಲೆಂಡಿನ ಹುಡುಗಿಯೂ, ಊರಿನ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಬಂದ ಧಾರವಾಡದ ಹುಡುಗಿಯೂ ಈ ಒಂದು ಬಾಗಿಲಿನ ಮುಂದೆ ಅಕ್ಕತಂಗಿಯರಂತೆ ನಿಂತಿದ್ದರು. ಭೇದವಿಷ್ಟೇ: ಹೊರದೇಶದ ವಿದ್ಯಾರ್ಥಿಯಾದ ಇವಳು ಪಾಠದ ದಿನಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ದುಡಿಯುವಂತೆಯೂ ಇರಲಿಲ್ಲ.

ದುಡಿಮೆಯ ಮಾತು ಬಂದಿತಾದ್ದರಿಂದ ಹೇಳುತ್ತೇನೆ: ಆ ದೇಶದ ಕನಿಷ್ಠ ಕೂಲಿಯು ವಯಸ್ಸನ್ನು ನೋಡಿ ಕೊಡುವಂಥದು. 2025ರ ಏಪ್ರಿಲಿನಲ್ಲಿ ಜಾರಿಗೆ ಬಂದ ದರದಂತೆ 21 ತುಂಬಿದವರಿಗೆ ಗಂಟೆಗೆ 12.21 ಪೌಂಡು, 18ರಿಂದ 20ರವರೆಗಿನವರಿಗೆ 10 ಪೌಂಡು, ಹದಿನೆಂಟು ತುಂಬದವರಿಗೆ 7.55 ಪೌಂಡು ಇದ್ದಿತು. ಒಂದೇ ಉಪಾಹಾರಗೃಹದಲ್ಲಿ ಒಂದೇ ತಟ್ಟೆಗಳನ್ನು ಎತ್ತುವ ಇಬ್ಬರಿಗೆ ಎರಡು ಕೂಲಿ. ಬಾಡಿಗೆಯಾಗಲಿ ಆಲೂಗೆಡ್ಡೆಯಾಗಲಿ ವಯಸ್ಸು ಕೇಳಿ ಬೆಲೆಯನ್ನು ಇಳಿಸುವುದಿಲ್ಲ. ತಂದೆತಾಯಿಗಳ ಮನೆಯಲ್ಲಿರುವ ಹುಡುಗರಿಗೆ ಅಷ್ಟು ಸಾಕೆಂಬ ಭಾವನೆ ಇಲ್ಲಿಯೂ ಒಳಗೊಳಗೆ ಕೆಲಸ ಮಾಡುತ್ತಿದೆ.

ಪದವಿ ಪಡೆದು ದೊಡ್ಡ ಉದ್ಯೋಗಕ್ಕೆ ಸೇರಿದ ಮೇಲಾದರೂ ಈ ಅಂತರ ಅಳಿಸಿಹೋಗುತ್ತದೆಯೇ? ಸ್ಯಾಂ ಫ್ರೀಡ್‍ಮನ್ ಮತ್ತು ಡೇನಿಯಲ್ ಲಾರಿಸನ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 2019ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವೈದ್ಯರು ವಕೀಲರು ಪತ್ರಕರ್ತರು ಮೊದಲಾದ ಮೇಲಿನ ವೃತ್ತಿಗಳನ್ನು ಸೇರಿದ ಕಾರ್ಮಿಕರ ಮಕ್ಕಳು, ಅವೇ ವೃತ್ತಿಗಳಲ್ಲಿರುವ ಅನುಕೂಲಸ್ಥರ ಮಕ್ಕಳಿಗಿಂತ ಸರಾಸರಿ ನೂರಕ್ಕೆ 16ರಷ್ಟು ಕಡಮೆ ಸಂಪಾದಿಸುತ್ತಾರೆಂದು ತೋರಿಸಿದರು. ಕಾರಣಗಳು ಹಲವು, ಅವುಗಳಲ್ಲಿ ಮುಖ್ಯವಾದದ್ದು ಬೆನ್ನ ಹಿಂದಿನ ಆಸರೆ. ಸಂಬಳವಿಲ್ಲದ ತಿಂಗಳುಗಳನ್ನು ಲಂಡನ್ನಿನಲ್ಲಿ ಕಳೆಯಬಲ್ಲ ನಟನು ಒಳ್ಳೆಯ ಪಾತ್ರ ಬರುವವರೆಗೆ ಕಾಯುತ್ತಾನೆ. ಕಾಯಲಾರದವನು ಸಿಕ್ಕಿದ್ದನ್ನು ಹಿಡಿಯುತ್ತಾನೆ. ಕಾಯುವ ಶಕ್ತಿಯನ್ನು ಪ್ರತಿಭೆಯೆಂದು ಲೋಕ ಎಣಿಸುತ್ತದೆ. ಅದೇ ವರ್ಷದ ಇನ್ನೊಂದು ಸಮೀಕ್ಷೆಯಂತೆ, ದೇಶದ ಮಕ್ಕಳಲ್ಲಿ ನೂರಕ್ಕೆ ಏಳು ಮಂದಿ ಓದುವ ಖಾಸಗಿ ಶಾಲೆಗಳಿಂದಲೇ ಉಚ್ಚ ನ್ಯಾಯಾಧೀಶರಲ್ಲಿ ನೂರಕ್ಕೆ 65 ಮಂದಿ ಬಂದಿದ್ದರು. ಇದಕ್ಕಿಂತ ವಿಸ್ಮಯಕರವಾದದ್ದು ಫ್ರೀಡ್‍ಮನ್ನರೂ ಅವರ ಸಹೋದ್ಯೋಗಿಗಳೂ 2021ರಲ್ಲಿ ಬರೆದ ಲೇಖನ: ಅನುಕೂಲಸ್ಥರ ಮನೆಯಲ್ಲಿ ಹುಟ್ಟಿ ಮೇಲಿನ ಹುದ್ದೆಗಳಲ್ಲಿರುವ ಎಷ್ಟೋ ಮಂದಿ ತಮ್ಮನ್ನು ಕಾರ್ಮಿಕ ವರ್ಗದವರೆಂದೇ ಹೇಳಿಕೊಳ್ಳುತ್ತಾರೆ, ತಂದೆಯ ಮನೆಯ ಕಥೆಯನ್ನು ಬಿಟ್ಟು ಅಜ್ಜನ ಬಡತನದ ಕಥೆಯನ್ನು ಹೇಳುತ್ತಾರೆ. ಹೆಡಿಂಗ್ಲಿಯ ಹುಡುಗನ ಸಂಕೋಚವೇ ನಲವತ್ತರ ವಯಸ್ಸಿನಲ್ಲಿ ಹೀಗೆ ವಂಶಚರಿತ್ರೆಯಾಗಿ ಪರಿಣಮಿಸುತ್ತದೆ.

ಆದಕಾರಣವೇ ಎಳೆಯರ ಮಾತಿಗೆ ನಾನು ಇಷ್ಟು ಮಹತ್ತ್ವವನ್ನು ಕೊಡುತ್ತೇನೆ. 2016ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾನಿಲಯದಲ್ಲಿ ಸರ್ಕಾರಿ ಶಾಲೆಗಳಿಂದ ಬಂದ ವಿದ್ಯಾರ್ಥಿಗಳು ತೊಂಬತ್ತಮೂರು ಶೇಕಡಾ ಕ್ಲಬ್ ಎಂಬ ಕೂಟವೊಂದನ್ನು ಕಟ್ಟಿದರು. ಖಾಸಗಿ ಶಾಲೆಗೆ ಹೋಗದ ನೂರಕ್ಕೆ 93 ಮಂದಿಯ ಕೂಟವೆಂದು ಅದರ ಅಭಿಪ್ರಾಯ. ಮುಂದೆ ಅದು ಹಲವು ವಿಶ್ವವಿದ್ಯಾನಿಲಯಗಳಿಗೆ ಹರಡಿತು. 2020ರಲ್ಲಿ ಡರ್ಹಮ್ ವಿಶ್ವವಿದ್ಯಾನಿಲಯದ ಒಬ್ಬ ವಿದ್ಯಾರ್ಥಿನಿ, ಉತ್ತರ ಇಂಗ್ಲೆಂಡಿನ ಸಹಪಾಠಿಗಳು ತಮ್ಮ ಉಚ್ಚಾರಣೆಗಾಗಿಯೂ ಮನೆತನಕ್ಕಾಗಿಯೂ ಅನುಭವಿಸಿದ ಅಪಹಾಸ್ಯಗಳನ್ನು ಸಂಗ್ರಹಿಸಿ ವರದಿಯೊಂದನ್ನು ಹೊರತಂದಳು. ಡರ್ಹಮ್ ಇರುವುದು ಉತ್ತರ ಇಂಗ್ಲೆಂಡಿನಲ್ಲಿಯೇ! ತಮ್ಮ ನೆಲದ ವಿದ್ಯಾಲಯದಲ್ಲಿ ತಮ್ಮ ನೆಲದ ಮಾತಿಗೆ ನಗೆಪಾಟಲಾಗುವ ದುಃಖವನ್ನು ಆ ಮಕ್ಕಳು ಅದುವರೆಗೆ ಒಬ್ಬೊಬ್ಬರಾಗಿ ನುಂಗಿಕೊಂಡಿದ್ದರು.

ಮಾತಿನಿಂದ ಬಾಡಿಗೆ ಇಳಿಯುವುದೇ ಎಂದು ಕೇಳಬಹುದು. ಇಳಿಯದು. ಮಾತು ಕೆಲವೊಮ್ಮೆ ಕಹಿಯನ್ನು ಬಿತ್ತುವುದೂ ನಿಜ. ಹುಟ್ಟಿದ ಮನೆಯನ್ನು ಯಾರೂ ಆರಿಸಿಕೊಂಡು ಬಂದಿರುವುದಿಲ್ಲವಾದ್ದರಿಂದ, ಅನುಕೂಲಸ್ಥನ ಮಗನನ್ನು ಅಪರಾಧಿಯಂತೆ ನಿಲ್ಲಿಸುವುದು ನ್ಯಾಯವೂ ಅಲ್ಲ. ಆದರೆ ಕಾನೂನುಗಳು ಮಾಡಿದ ಅಂತರವನ್ನು ವಿಧಿಯೆಂದೋ ಸ್ವಂತ ಪಾಪವೆಂದೋ ತಿಳಿದವನು ಕಾನೂನಿನ ಹತ್ತಿರ ಹೋಗಿ ಏನನ್ನೂ ಕೇಳಲಾರನು. ತನ್ನಂತೆ ಇನ್ನೊಬ್ಬನಿದ್ದಾನೆಂದು ತಿಳಿದ ಮೇಲೆಯೇ ಕೇಳುವ ಧೈರ್ಯ ಬರುವುದು.

ಹಾಗೆ ಕೇಳಿದವರ ಒಂದು ನಿದರ್ಶನವನ್ನು ಹೇಳಬೇಕಾಗಿದೆ. 2004ರಲ್ಲಿ ಇಂಗ್ಲೆಂಡಿನಾದ್ಯಂತ, ಹದಿನಾರು ತುಂಬಿದ ಮೇಲೂ ಓದನ್ನು ಮುಂದುವರಿಸುವ ಬಡ ಮನೆಯ ಮಕ್ಕಳಿಗೆ ವಾರಕ್ಕೆ 10ರಿಂದ 30 ಪೌಂಡಿನವರೆಗೆ ಸಹಾಯಧನವನ್ನು ಕೊಡುವ ಏರ್ಪಾಡು ಬಂದಿತು. ತರಗತಿಗೆ ತಪ್ಪದೆ ಹಾಜರಾದರೆ ಹಣ ಮಕ್ಕಳ ಕೈಗೇ ಬರುತ್ತಿತ್ತು. ಕಾಲೇಜಿಗೆ ಹೋಗುವ ಬಸ್ಸಿನ ಚಾರ್ಜು, ಮಧ್ಯಾಹ್ನದ ಊಟ, ಒಂದು ಕ್ಯಾಲ್ಕುಲೇಟರು, ಇವಕ್ಕೆ ಸಾಲುವಷ್ಟು ಹಣ ಅದು. 2010ರಲ್ಲಿ ಹೊಸ ಸರ್ಕಾರವು ಶುಲ್ಕವನ್ನು ಏರಿಸುವುದರ ಜೊತೆಗೆ ಈ ಸಹಾಯವನ್ನೂ ಇಂಗ್ಲೆಂಡಿನಲ್ಲಿ ನಿಲ್ಲಿಸಲು ನಿರ್ಧರಿಸಿದಾಗ, ಆ ವರ್ಷದ ನವೆಂಬರು ಡಿಸೆಂಬರುಗಳ ಕೊರೆಯುವ ಚಳಿಯಲ್ಲಿ ಲಂಡನ್ನಿನ ಬೀದಿಗಿಳಿದವರು ಪದವಿ ವಿದ್ಯಾರ್ಥಿಗಳು ಮಾತ್ರವೇ ಆಗಿರಲಿಲ್ಲ. ಹದಿನಾರು ಹದಿನೇಳರ ಹುಡುಗ ಹುಡುಗಿಯರೂ ಬಂದು, ತಮಗೆ ವಾರಕ್ಕೆ ಎಷ್ಟು ಹಣ ಬೇಕು, ಅದು ಏತಕ್ಕೆ ಬೇಕು ಎಂಬುದನ್ನು ಯಾವ ಮುಚ್ಚುಮರೆಯೂ ಇಲ್ಲದೆ ದೇಶದ ಮುಂದೆ ಹೇಳಿದರು. ಲಂಡನ್ನಿನ ಸರ್ಕಾರವು ಕೇಳಲಿಲ್ಲ, ಸಹಾಯ ನಿಂತಿತು. ಸ್ಕಾಟ್ಲೆಂಡು, ವೇಲ್ಸು, ಉತ್ತರ ಐರ್ಲೆಂಡುಗಳ ಆಡಳಿತಗಳು ಅದನ್ನು ಉಳಿಸಿಕೊಂಡವು. ವೇಲ್ಸು 2023ರಲ್ಲಿ ಅದನ್ನು 40 ಪೌಂಡಿಗೆ ಏರಿಸಿತು. ಸೆವರ್ನ್ ನದಿಯ ಅಳಿವೆಯ ಒಂದು ದಡದಲ್ಲಿ ವೇಲ್ಸಿನ ನ್ಯೂಪೋರ್ಟ್, ಇನ್ನೊಂದು ದಡದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್. ನಡುವೆ ಸೇತುವೆಯುಂಟು, ರೈಲುಂಟು. ಬಡತನದಲ್ಲಿ ಸಮಾನರಾದ ಇಬ್ಬರು ಹದಿನೇಳರ ಮಕ್ಕಳಲ್ಲಿ ವೇಲ್ಸಿನ ದಡದವನ ಕೈಗೆ ಬಸ್ಸಿನ ಹಣ ಬರುತ್ತದೆ, ಇಂಗ್ಲೆಂಡಿನ ದಡದವನಿಗೆ ಆ ಸಹಾಯಧನವಿಲ್ಲ. ಹೀಗೇಕೆ ಎಂಬ ಪ್ರಶ್ನೆಯನ್ನು ಆ ಮಕ್ಕಳು ಈಗ ಒಬ್ಬರನ್ನೊಬ್ಬರು ಕೇಳುತ್ತಿದ್ದಾರೆ, ತಮ್ಮ ಶಾಸಕರನ್ನೂ ಕೇಳುತ್ತಿದ್ದಾರೆ.